ನನ್ನ ಮಾರಿನ ಅಳತೆ

ಗುರುವಾರ, ೧೨ ಫೆಬ್ರುವರಿ ೨೦೨೬. ಸಿದ್ದಾಪುರ.

ಪೊಲೀಸ್ ಆಯ್ಕೆಯ ನಾನೂರು ಮೀಟರ್ ಓಟದಲ್ಲಿ ಮೊಮ್ಮಗಳು ರಂಜಿತಾ ಸೋತು ಬಂದು ಮೂರು ದಿನವಾಯಿತು. ಇಲ್ಲಿ ಶಾಲೆಯ ಬಯಲಿನಲ್ಲಿ ಅವಳನ್ನು ಓಡಿಸಿದವನು ನಾನೇ. ಹಗ್ಗ ಹಿಡಿದು, ಎರಡೂ ಕೈ ಚಾಚಿ ಮಾರು ಹಾಕಿ ಅಳೆದಿದ್ದೆ. ಒಂದು ಸುತ್ತಿಗೆ ಐವತ್ತೈದು ಮಾರು, ಮಾರಿಗೆ ಆರಡಿಯಂತೆ ನೂರು ಮೀಟರ್, ನಾಲ್ಕು ಸುತ್ತಿಗೆ ನಾನೂರು. ದಿನಾ ಕೊಟ್ಟ ಹೊತ್ತಿನೊಳಗೇ ಮುಗಿಸುತ್ತಿದ್ದಳು.

“ತಾತಾ, ಅಲ್ಲಿ ಎಷ್ಟ್ ಓಡಿದ್ರೂ ಮುಗೀವಲ್ದು,” ಅಂದಳು.

“ಕಾಲು ಎಳಕೋತ ಓಡಿದ್ರ ಎಲ್ಲಿ ಮುಗೀತೈತಿ, ಮೈಗಳ್ಳಿ,” ಎಂದು ಎಲ್ಲರೆದುರು ಬೈದೆ.

ಇವತ್ತು ಜಿಲಾನಸಾಬರ ಅಂಗಡಿಯಲ್ಲಿ ಎತ್ತಿನ ಹಗ್ಗಕ್ಕೆಂದು ನಾನೇ ಕೈಚಾಚಿ ಹತ್ತು ಮಾರು ಎಳೆದುಕೊಂಡೆ. ಅವರು ಟೇಪು ಹಿಡಿದು ನೋಡಿ ನಕ್ಕರು. “ಗಿಡ್ಡ ಮನಷ್ಯಾರು ನೀವು. ನಿಮ್ಮ ಮಾರು ಐದ ಅಡಿ ಐತ್ರಿ. ಯಾವಾಗ್ಲೂ ನೀವ ಅಳಕೊಂಡು ಒಯ್ರಿ, ನನಗ ಲಾಭ.”

ನನಗೆ ನಗು ಬರಲಿಲ್ಲ. ಮಾರು ಮಾರಿಗೂ ಒಂದಡಿ ಕಡಿಮೆ. ಆ ಹುಡುಗಿ ಇಲ್ಲಿ ಒಮ್ಮೆಯೂ ನಾನೂರು ಮೀಟರ್ ಓಡಿರಲೇ ಇಲ್ಲ.

ಸಂಜೆ ರೊಟ್ಟಿ ನೀಡುತ್ತ, “ನನ್ನ ಕಾಲಾಗ ಕಸುವಿಲ್ಲ ಬಿಡು ತಾತಾ, ಮತ್ತ ಅರ್ಜಿ ಹಾಕಂಗಿಲ್ಲ,” ಅಂದಳು. ಟೇಪಿನ ಸಂಗತಿ ಮುಚ್ಚಿಟ್ಟು ತಲೆ ತಗ್ಗಿಸಿ ಉಂಡೆ.

ಈ ಹಾಳೆಗೆ ಹೇಳಿದರೆ ಏನು ಬಂತು? ಒಳಕೋಣೆಯಲ್ಲಿ ಇನ್ನೂ ದೀಪ ಇದೆ, ಎದ್ದಿದ್ದಾಳೆ. ಬೈದರೆ ಬೈಯಲಿ. ಮೊದಲು ಅವಳನ್ನು ಕರೆದು ಹೇಳಿಬಿಡುತ್ತೇನೆ, ತಪ್ಪು ನನ್ನ ಮಾರಿನದು, ಅವಳ ಕಾಲಿನದಲ್ಲ ಅಂತ.