ಖಾಲಿ ಬರುವ ಮಾಸಿನ ಮಡಕೆ

ನಜರ್‌ಬಾದ್, ಮೈಸೂರು

ಸಿದ್ದು ಅವರಪ್ಪನಿಗೆ,

ಸೊಸೆ ಕೀರ್ತಿಗೆ ಹೆಣ್ಣುಮಗು. ಇಬ್ಬರೂ ಹುಷಾರಾಗಿದ್ದಾರೆ. ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಮಾಸನ್ನು ನಮ್ಮ ಹಿತ್ತಲಲ್ಲೇ ಹೂಳಬೇಕೆಂದು ನೀವು ಕೊಟ್ಟ ಮಡಕೆ ಹಿಡಿದು ಆಸ್ಪತ್ರೆಯಲ್ಲಿ ನಿಂತಿದ್ದರೆ, ಜನ ನನ್ನನ್ನು ಮೊಸರು ಮಾರುವವಳು ಅಂದುಕೊಂಡರು! ಕೀರ್ತಿ ಆಗಲೇ ಮಾಸನ್ನು ಸಂಶೋಧನೆಗೆ ಕೊಡಲು ಒಪ್ಪಿದ್ದಳು. ಡಾಕ್ಟರಮ್ಮ ನನ್ನ ಕಣ್ಣೆದುರೇ ಅದನ್ನು ಉಗುರಿನಷ್ಟು ಚೂರು ಮಾಡಿ, ಹೊಗೆ ಏಳುವಷ್ಟು ತಣ್ಣಗಿನ ಡಬ್ಬಿಗೆ ಹಾಕಿದರು.

ಸೊಸೆ ಉಪ್ಪಿನಕಾಯಿ ತಿಂದೇ ಬಸುರಿನಲ್ಲಿ ಬಿ.ಪಿ. ಏರಿಸಿಕೊಂಡಳೆಂದು ನಿಮ್ಮಕ್ಕ ಊರೆಲ್ಲ ಸಾರಿದ್ದರಲ್ಲ, ಅದು ನಿಜವಾ ಎಂದು ಡಾಕ್ಟರಮ್ಮನನ್ನೇ ಕೇಳಿದೆ.

“ಮಾಸು ತಾಯಿದೊಂದೇ ಅಲ್ಲಮ್ಮ, ಅರ್ಧ ನಿಮ್ಮ ಮಗಂದು. ಬಿ.ಪಿ. ಏರೋಕೆ ಅಪ್ಪನ ಕಡೆ ಜೀನೂ ಕಾರಣ ಆಗ್ಬೋದು. ಮಗೂಗೂ ದೊಡ್ಡೋಳಾದ್ಮೇಲೆ ಬರ್ಬೋದು. ನಿಮ್ಮ ಯಜಮಾನ್ರಿಗೆ ಬಿ.ಪಿ. ಇದ್ಯಾ?” ಎಂದರು.

ಗೊತ್ತಿಲ್ಲ ಅಂದೆ. ನೀವು ಯಾವತ್ತಾದರೂ ನೋಡಿಸಿಕೊಳ್ಳಲು ತೋಳು ಚಾಚಿದ್ದರೆ ತಾನೇ! ನಾಳೆಯೇ ಹೋಗಿ. ನಿಮ್ಮಕ್ಕನನ್ನೂ ಕರೆದುಕೊಂಡು ಹೋಗಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಮಡಕೆ ಖಾಲಿಯೇ ತರುತ್ತೇನೆ. ಮಾಸಿಗೆಂದು ತೋಡಿದ ಗುಂಡಿಗೆ ನಿಮ್ಮ ಉಪ್ಪಿನಕಾಯಿ ಜಾಡಿ ಇಳಿಸಿ, ಮಣ್ಣು ಮುಚ್ಚಿ.

ಸಿದ್ದು ಅವ್ವ