ಪದ್ಯ ನನ್ನದು, ಚಪ್ಪಾಳೆ ಅವನದು

ಮೇ ೧೨, ಭಾನುವಾರ ರಾತ್ರಿ

ಮಾನ್ಯ ಸಭಾಧ್ಯಕ್ಷರೇ, ದಿಂಬುಗಳೇ, ನೆರೆದ ಸಮಸ್ತ ಸೊಳ್ಳೆಗಳೇ! ಹಳ್ಳಿಯಲ್ಲಿ ಅಕ್ಕನ ಮಗಳ ಮದುವೆ ಸಾಂಗವಾಗಿ ನೆರವೇರಿತು. ನಮ್ಮ ಮನೆತನದಲ್ಲಿ ಊಟಕ್ಕೆ ಮುಂಚೆ ಸೋದರಮಾವ ಪದ್ಯ ಹೇಳಬೇಕು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಮೈಕನ್ನು ವರನ ವಿದೇಶಿ ಗೆಳೆಯನ ಕೈಗಿಟ್ಟಳು.

"ನಿಂದು ಇದ್ದಿದ್ದೇ ಅಲ್ವೇನೋ? ಪಾಪ, ಅಷ್ಟು ದೂರದಿಂದ ಬಂದಿದಾರೆ, ನಿನ್ನ ಪದ್ಯ ಅವರೇ ಹೇಳ್ಲಿ ಬಿಡು."

ನನ್ನ ಚೀಟಿ ನೋಡಿ ವರ ಗೆಳೆಯನ ಕಿವಿಯಲ್ಲಿ ಒಂದೊಂದೇ ಪದ ಉಸುರಿದ. ಆ ಪುಣ್ಯಾತ್ಮ ಎಡವುತ್ತ ಕೂಗಿದ: "ಚಪ್ಪಲಿ ಜೊತೆ ಜಗಳ ಹೊರಗಿರಲಿ, ದೀಪದ ಜೊತೆ ನಗು ಒಳಗಿರಲಿ!"

ಚಪ್ಪರ ಹಾರಿಹೋಗುವಷ್ಟು ಚಪ್ಪಾಳೆ. ಆ ಉಚ್ಚಾರಕ್ಕೆ ಚಪ್ಪಲಿಗಳೇ ಎದ್ದು ಹೋಗಬೇಕಿತ್ತು. ನನ್ನವಳಂತೂ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಷ್ಟು ಚೆನ್ನಾಗಿದೆ ಅಲ್ವಾ ರೀ?"

ಇದೇ ಪದ್ಯವನ್ನು ಹೋದ ವಾರ ಅಡುಗೆಮನೆಯಲ್ಲಿ ಹೇಳಿದಾಗ, "ಹಾಲು ಉಕ್ಕುತ್ತೆ, ಸ್ವಲ್ಪ ಸರೀರಿ" ಅಂದಿದ್ದಳು.

ಇರಲಿ. ಸಭಿಕರೇ, ಕಲೆಗೆ ಗಡಿಯಿಲ್ಲ, ನನಗೆ ಹೊಟ್ಟೆಕಿಚ್ಚಿಲ್ಲ, ಅತಿಥಿಯ ಮೇಲೆ ಎಳ್ಳಷ್ಟೂ...

ಸುಳ್ಳು. ಹೊಟ್ಟೆ ಉರಿಯುತ್ತಿದೆ. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಆ ಪದ್ಯ ನಾನು ಬರೆದದ್ದು ವಧೂವರರಿಗಲ್ಲ, ಅವಳು ನಗಲಿ ಎಂದು.