ಕೆತೂರಾ ಅಕ್ಕನ ಹರಕೆಯ ಅವಲಕ್ಕಿ

ಜನವರಿ ೨೮, ಬುಧವಾರ

ಬಸ್ಸಿನಲ್ಲಿ ನಾಲ್ಕು ಸೀಟು ಇನ್ನೂ ಖಾಲಿ. ಹೇಳಿದ್ದು ಡಾಯ್ನಾಬಾಯಿ, ಬೆಳಿಗ್ಗೆ ಫೋನಿನಲ್ಲಿ. ಮಹಿಳಾ ಮಂಡಳದ ಅಧ್ಯಕ್ಷೆ ಅವರು. ಊಟ, ತಿಂಡಿ, ನೈವೇದ್ಯದ ಮಲೀದಾದ ಸಾಮಾನು ನನ್ನ ಪಾಲು. ಭಾನುವಾರ ಠಾಣೆಯಿಂದ ಹೊರಡುವುದು. ನವಗಾಂವ್, ರೇವದಂಡಾ, ಅಲಿಬಾಗಿನಲ್ಲಿ ವಸತಿ, ಸೋಮವಾರ ಖಂಡಾಳೆಯಲ್ಲಿ ಎಲಿಯಾಹು ಪ್ರವಾದಿಯ ಉರುಸು. ನಮ್ಮ ಬೆನೆ ಇಸ್ರೇಲಿ ಯಹೂದಿಗಳ ಹಳೆಯ ಊರುಗಳೆಲ್ಲ ಎರಡು ದಿನದಲ್ಲಿ.

ಮಧ್ಯಾಹ್ನ ಮೊಳಕೆ ಬಂದ ವಾಲ್ ಅವರೆಕಾಳಿನ ಸಿಪ್ಪೆ ಸುಲಿಯುತ್ತಿದ್ದೆ. ಕೈಯೆಲ್ಲ ಅಂಟು. ಕೆತೂರಾ ಅಕ್ಕನ ಫೋನು ಬಂತು. ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ಮಿಲ್ಕಾ, ಬಸ್ಸಲ್ಲಿ ಒಂದು ಜಾಗ ಇದೆಯಾ? ಈ ಸಲ ನಾನೂ ಬರ್ತೀನಿ."

"ತುಂಬಿಹೋಯ್ತಲ್ಲ ಅಕ್ಕ," ಅಂದೆ.

ಬಾಯಿ ತಪ್ಪಿ ಬಂದ ಮಾತು ಅಂತ ಬರೆಯಬಹುದು. ಅಲ್ಲ. ಯೋಚಿಸಿಯೇ ಅಂದದ್ದು. ಅವಳು ನನ್ನ ಗಂಡನ ಅಕ್ಕ. ಮದುವೆಯಾದಾಗಿನಿಂದ ನನ್ನ ಸಾರಿಗೆ ಉಪ್ಪು ಹೆಚ್ಚು, ನನ್ನ ಪೂರಿ ದಪ್ಪ, ನನ್ನ ಹಲ್ವ ಸಡಿಲ. ಹೋದ ವರ್ಷ ಪೇಣಕ್ಕೆ ಹೋದಾಗ ಅವಳಿಗಾಗಿ ಬಸ್ಸು ಎಲ್ಲೆಲ್ಲಿ ನಿಂತಿತು ಅಂತ ಲೆಕ್ಕವಿಲ್ಲ. ಒಂದು ಸಲವಾದರೂ ನನ್ನ ಅಡುಗೆ ನಾನು ನೆಮ್ಮದಿಯಾಗಿ ತಿನ್ನಬೇಕು ಅನ್ನಿಸಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಆದರೆ ಅವಳಿಗೆ ಹರಕೆ ಇದೆ. ಮಂಡಿ ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯಲ್ಲಿ ಹೊತ್ತದ್ದು: ನಡೆಯುವಂತಾದರೆ ನನ್ನ ಕಾಲಲ್ಲೇ ಖಂಡಾಳೆಯ ಬಂಡೆ ಹತ್ತಿ ಎಲಿಯಾಹು ಪ್ರವಾದಿಗೆ ಮಲೀದಾ ಇಡ್ತೀನಿ. ಮಂಚದ ಪಕ್ಕದಲ್ಲಿ ಇದ್ದವಳು ನಾನು. ಆಮೆನ್ ಅಂದವಳೂ ನಾನೇ.

ಜನವರಿ ೩೦, ಶುಕ್ರವಾರ, ಸಂಜೆ

ಅಕ್ಕ ಬಂದಿದ್ದಳು. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದೆ. ಎರಡು ಮಹಡಿ ಹತ್ತಿ ಬಂದಿದ್ದಾಳೆ. ಬಾಗಿಲು ತೆಗೆದರೆ ಕೈಯಲ್ಲಿ ಕೋಲು, ಹಣೆಯಲ್ಲಿ ಬೆವರು, ಮುಖದಲ್ಲಿ ಗೆದ್ದ ನಗು.

"ನೋಡಿದ್ಯಾ? ಎಲ್ಲೂ ಕೂತ್ಕೊಳ್ಳಲಿಲ್ಲ."

ನಾನು ನೀರು ಕೊಟ್ಟೆ. ಆಗಲೇ ಹೇಳಬಹುದಿತ್ತು. ಡಾಯ್ನಾಬಾಯಿಗೆ ಒಂದು ಫೋನು ಮಾಡಿದಂತೆ ಮಾಡಿ, ಯಾರೋ ಬರೋದಿಲ್ಲವಂತೆ ಅಂದರೂ ಸಾಕಿತ್ತು. ಸುಳ್ಳಿನ ಮೇಲೆ ಸುಳ್ಳಾದರೂ ಕೆಲಸವಾಗುತ್ತಿತ್ತು. ಗಂಡ ಸ್ಯಾಮ್ಸನ್ ಪೇಪರಿನಿಂದ ತಲೆ ಎತ್ತಿ, ಅಕ್ಕ ನೀನು ಹೋಗ್ತಿಲ್ವಾ ಅಂತ ಕೇಳಿದ. ಬಸ್ಸು ತುಂಬಿದೆಯಂತಪ್ಪ ಅಂದಳು. ಅವನು ನನ್ನ ಕಡೆ ನೋಡಿದ. ನಾನು ಲೋಟ ತೊಳೆಯಲು ಒಳಗೆ ಹೋದೆ.

ಅಕ್ಕ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಒಳಗೆ ಅವಲಕ್ಕಿ, ಒಂದೊಂದೇ ಕಾಳು ಆರಿಸಿ ಹಸನು ಮಾಡಿದ್ದು.

"ಈ ವರ್ಷಕ್ಕೆ ಇದಾದ್ರೂ ಬಂಡೆ ಮುಟ್ಟಲಿ. ತೆಂಗಿನಕಾಯಿ, ಐದು ಹಣ್ಣು ನೀನೇ ತಗೋ. ಮೂಸೋಕೆ ಸಬ್ಜಾ ಎಲೆ ಮರೀಬೇಡ. ಬಾಳೆಹಣ್ಣು ಕರಿಯಾಗಿರೋದು ಇಡಬೇಡ, ನಿಂಗೆ ಆ ಅಭ್ಯಾಸ ಇದೆ."

ಸಬ್ಬತ್ತಿನ ದೀಪ ಹಚ್ಚುವ ಹೊತ್ತಾಯಿತು. ಇನ್ನು ನಾಳೆ ನಕ್ಷತ್ರ ಕಾಣುವ ತನಕ ಪೆನ್ನು ಮುಟ್ಟುವಂತಿಲ್ಲ. ಒಳ್ಳೆಯದೇ ಆಯಿತು.

ಫೆಬ್ರವರಿ ೧, ಭಾನುವಾರ. ಅಲಿಬಾಗ್

ಎಲ್ಲರೂ ಹೊರಗೆ ಬೆಂಕಿಯ ಸುತ್ತ ಕೂತಿದ್ದಾರೆ. ಪೋಪಟಿ ಬೇಯುತ್ತಿದೆ: ಮಡಕೆಯಲ್ಲಿ ವಾಲಿನ ಕಾಯಿ, ಆಲೂಗೆಡ್ಡೆ, ಮೊಟ್ಟೆ, ಮೇಲೆ ಕಾಡುಸೊಪ್ಪು ತುರುಕಿ ಬೋರಲು ಹಾಕಿದ್ದು. ಕೋಳಿ ಹಾಕಲಿಲ್ಲ, ನಮ್ಮ ವಿಧಿಯಂತೆ ಕೊಯ್ಯುವವರು ಇಲ್ಲಿಲ್ಲ. ತಲೆನೋವು ಅಂತ ಹೇಳಿ ನಾನು ಒಳಗೆ ಬಂದಿದ್ದೇನೆ.

ನಡೆದದ್ದನ್ನು ಸಾಲಾಗಿ ಬರೆಯುತ್ತೇನೆ.

ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಸಿಬಿಲ್, ನನ್ನ ಗೆಳತಿ, ಹಿಂದಿನ ಸಾಲು ಪೂರ್ತಿ ಹಿಡಿದು ಕಾಲು ಚಾಚಿ ಮಲಗಿದಳು. ಖಾಲಿ ಸೀಟು ಕಾಣಬಾರದು ಅಂತ ನಾನು ಪಕ್ಕದಲ್ಲಿ ತೆಂಗಿನಕಾಯಿ ಚೀಲ ಇಟ್ಟುಕೊಂಡೆ. ಕಂಡೇ ಕಂಡಿತು.

ನವಗಾಂವಿನಲ್ಲಿ ನಮ್ಮ ಮೊದಲ ಹಿರಿಯರ ಸಮಾಧಿ. ಹಡಗು ಒಡೆದು ದಡಕ್ಕೆ ಬಿದ್ದವರು ಮಲಗಿರುವ ಜಾಗ. ಹೊರಗೆ ಬಂದು ಕೈ ತೊಳೆದೆವು. ಸಮುದ್ರದಿಂದ ಇಷ್ಟು ದೂರ ಹೆಣ ಹೊತ್ತವರು ಯಾರಿರಬಹುದು ಅಂತ ಡಾಯ್ನಾಬಾಯಿ ಕೇಳಿದರು. ಊರಿನವರೇ ಅಂತ ಯಾರೋ ಅಂದರು.

ರೇವದಂಡಾದಲ್ಲಿ ಸಿನಗಾಗ್ ನೋಡಿ ಆದಮೇಲೆ ಅಕ್ಕಿ ದೋಸೆಯಂಥ ಘಾವನೆ, ತೆಂಗಿನ ಹಾಲು ಅಂತ ಮೊದಲೇ ಗೊತ್ತುಮಾಡಿದ್ದೆ. ಮಾಡುವ ಹೆಂಗಸಿನ ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಹೊಟ್ಟೆ ಹಸಿದ ಹೆಂಗಸರು ಮಾತು ಕೇಳುವುದಿಲ್ಲ. ದಡದಲ್ಲಿ ಕೂತು ಯಾರ ಚೀಲದಲ್ಲಿ ಏನಿದೆ ಅಂತ ಹುಡುಕಲು ಶುರು ಮಾಡಿದರು. ನಾನು ಆ ಮನೆಯಿಂದ ಬೆಲ್ಲ ಕೇಳಿ ತಂದೆ. ತಿರುಗಿ ಬಂದಾಗ ಸಿಬಿಲ್ ಕೈಯಲ್ಲಿ ಕೆಂಪು ಬಟ್ಟೆ.

"ಮಿಲ್ಕಾ, ಬಂಗಾರ ಇಟ್ಟಹಾಗೆ ಬಚ್ಚಿಟ್ಟಿದೀಯಲ್ಲೇ. ಇಷ್ಟು ಹಸನಾದ ಅವಲಕ್ಕಿ ಎಲ್ಲಿ ತಗೊಂಡೆ?"

ಗಂಟು ಬಿಚ್ಚಿಯಾಗಿತ್ತು. ಅವಲಕ್ಕಿ ಇನ್ನೂ ನೆನೆಸಿರಲಿಲ್ಲ. ಆ ಒಂದು ಗಳಿಗೆ ಇತ್ತು. ಅದು ಕೆತೂರಾ ಅಕ್ಕನ ಹರಕೆಯದು, ಮುಟ್ಟಬೇಡ ಅಂದರೆ ಸಿಬಿಲ್ ಕೈ ಬಿಟ್ಟುಬಿಡುತ್ತಿದ್ದಳು. ಆದರೆ ಮುಂದಿನ ಪ್ರಶ್ನೆ ಗೊತ್ತಿತ್ತು — ಅಕ್ಕನೇ ಯಾಕೆ ಬರಲಿಲ್ಲ, ಇಷ್ಟು ಸೀಟು ಖಾಲಿ ಇತ್ತಲ್ಲ?

"ಅಂಗಡಿಯದು," ಅಂದೆ.

ನೀರು ಚಿಮುಕಿಸಿ, ಕಾಯಿ ತುರಿದು, ಬೆಲ್ಲ ಕಲಸಿದರು. ನನಗೂ ಎರಡು ಹಿಡಿ ಕೊಟ್ಟರು. ತಿಂದೆ. ತುಂಬ ಚೆನ್ನಾಗಿತ್ತು.

ಪಕ್ಕದ ಮನೆಯ ಮುದುಕಿ ಬಂದು ನೀವು ಶನಿವಾರದ ಗಾಣಿಗರಲ್ವಾ ಅಂದಳು. ನಮ್ಮ ಅಜ್ಜಂದಿರು ಎಣ್ಣೆ ಗಾಣ ನಡೆಸುತ್ತಿದ್ದರು, ಶನಿವಾರ ಎತ್ತಿಗೂ ರಜೆ. ಹಳೆಯ ಗಾಣದ ಕಲ್ಲು ತೋರಿಸಿದಳು. ಈಗ ಬಟ್ಟೆ ಒಗೆಯಲು ಇಟ್ಟುಕೊಂಡಿದ್ದಾಳೆ. ಎಲ್ಲರೂ ಅದನ್ನು ಮುಟ್ಟಿ ಫೋಟೊ ತೆಗೆಸಿಕೊಂಡರು. ನಾನೂ ನಿಂತೆ. ಫೋಟೊದಲ್ಲಿ ನನ್ನ ಕೈಯಲ್ಲಿ ಖಾಲಿ ಡಬ್ಬಿ ಇದೆ.

ಮಧ್ಯಾಹ್ನ ಹುರಿದ ಬಾಂಗಡೆ, ನಾನು ಮಾಡಿದ ವಾಲ್ ಕಾಳಿನ ಬಿರ್ಡೆ, ಕುಡಿಯಲು ಪುನರ್ಪುಳಿಯ ಸೋಲ್‌ಕಡಿ. ಬಿರ್ಡೆಗೆ ಉಪ್ಪು ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ.

ಫೆಬ್ರವರಿ ೨, ಸೋಮವಾರ

ಬೆಳಿಗ್ಗೆ ಅಲಿಬಾಗ್ ಪೇಟೆಯಲ್ಲಿ ಅವಲಕ್ಕಿ ಕೊಂಡೆ. ಅದೇ ಡಬ್ಬಿಗೆ ತುಂಬಿ ಅದೇ ಬಟ್ಟೆ ಕಟ್ಟಿದೆ. ಗಂಟು ಅವಳು ಹಾಕಿದಂತೆ ಬರಲಿಲ್ಲ.

ಖಂಡಾಳೆಯಲ್ಲಿ ಮುಂಬಯಿಯಿಂದ ಬಂದ ಬಸ್ಸುಗಳು. ಪ್ರವಾದಿ ಆಕಾಶಕ್ಕೆ ಏರಿದಾಗ ಕುದುರೆಯ ಗೊರಸು, ರಥದ ಗಾಲಿ ಒತ್ತಿದ ಗುರುತು ಆ ಬಂಡೆಯ ಮೇಲಿದೆ. ರಸ್ತೆಯಿಂದ ಅಲ್ಲಿಗೆ ಸ್ವಲ್ಪ ಏರು. ಏರುತ್ತಾ ಅಳೆದೆ. ನಮ್ಮ ಎರಡು ಮಹಡಿಗಿಂತ ಕಡಿಮೆ.

ಮಲೀದಾ ತಟ್ಟೆ ಜೋಡಿಸಿದೆವು. ನೆನೆದ ಅವಲಕ್ಕಿ, ಸಕ್ಕರೆ, ಕಾಯಿತುರಿ, ಏಲಕ್ಕಿ, ಬಾದಾಮಿ, ಸುತ್ತ ಹಣ್ಣು, ಮೇಲೆ ಗುಲಾಬಿ ಎಸಳು. ಬಾಳೆಹಣ್ಣು ಹಳದಿಯದೇ ಆರಿಸಿದ್ದೆ. ಆಶೀರ್ವಾದ ಓದಲು ಅಲಿಬಾಗಿನ ಸೊಲೊಮನ್ ಕಾಕಾ ಬಂದಿದ್ದರು. ಎಂಬತ್ತು ದಾಟಿದ ಮನುಷ್ಯ. ಹರಕೆಯವರ ಹೆಸರು ಕೇಳಿದರು. ನಾನು ಕೆತೂರಾ ಅಂದೆ, ಮಂಡಿಯ ಹರಕೆ ಅಂದೆ.

"ಎಲ್ಲಿ ಆಕೆ?"

"ಬರೋಕೆ ಆಗಲಿಲ್ಲ ಕಾಕಾ. ಅವರ ಪರವಾಗಿ ನಾನು..."

"ಏನಂತ ಹೊತ್ತಿದ್ರು?"

ನನ್ನ ಕಾಲಲ್ಲೇ ಬರ್ತೀನಿ ಅಂತ, ಅಂದೆ.

ಕಾಕಾ ಸಬ್ಜಾ ಎಲೆಯನ್ನು ಮೂಸಿ ತಟ್ಟೆಯಲ್ಲಿ ಇಟ್ಟರು. ಸಿಟ್ಟಾಗಲಿಲ್ಲ. "ಹಾಗಾದ್ರೆ ಈ ತಟ್ಟೆ ಎಲ್ಲರ ಜೊತೆ ಸೇರ್ಲಿ ಮಗಳೇ. ಆ ಹರಕೆ ಹಾಗೇ ಇರುತ್ತೆ. ಆಕೇನೇ ಬರ್ಬೇಕು. ಉರುಸು ಮುಗಿದ್ರೆ ಬಂಡೆ ಎದ್ದು ಹೋಗಲ್ಲ, ಯಾವ ದಿನಾನಾದ್ರೂ ಕರ್ಕೊಂಡು ಬಾ, ನಾನಿರ್ತೀನಿ."

ಎಲಿಯಾಹುವಿನ ಹಾಡು ಹಾಡಿದರು. ಸಿಬಿಲ್ ನನ್ನನ್ನೇ ನೋಡುತ್ತಿದ್ದಳು. ಬಸ್ಸು ಹತ್ತುವಾಗ ಕೇಳಿಯೇಬಿಟ್ಟಳು. ಆ ಡಬ್ಬಿ ಕೆತೂರಾ ಅಕ್ಕನದಾ? ಹೌದು ಅಂದೆ. ನಿನ್ನೆ ತಿಂದದ್ದು? ಅದೂ ಹೌದು ಅಂದೆ. ವಾಪಸು ಬರುವಾಗ ಸಿಬಿಲ್ ಕಾಲು ಚಾಚಲಿಲ್ಲ. ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಬಂದಳು.

ಫೆಬ್ರವರಿ ೩, ಮಂಗಳವಾರ

ಅಕ್ಕನ ಮನೆಗೆ ಹೋಗಲಿಲ್ಲ. ಅವಳಿಗೆ ಅಂತ ತಂದ ಮಲೀದಾ ಡಬ್ಬಿ ಫ್ರಿಜ್ಜಿನಲ್ಲಿದೆ.

ಫೆಬ್ರವರಿ ೫, ಗುರುವಾರ

ಮಲೀದಾ ಹುಳಿಯಾಗಿದೆ. ಕಾಯಿ ಹಾಕಿದ್ದಲ್ಲವೇ. ಆಶೀರ್ವಾದ ಆದದ್ದನ್ನು ಎಸೆಯಲು ಕೈ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅಷ್ಟನ್ನೂ ತಿಂದೆ. ಸ್ಯಾಮ್ಸನ್ ಬಾಗಿಲಲ್ಲಿ ನಿಂತು ನೋಡಿದ.

"ಅಕ್ಕನಿಗೆ ಕೊಡೋದಲ್ವಾ ಅದು?"

ಎಲ್ಲವನ್ನೂ ಹೇಳಿದೆ. ಸೀಟು, ಅವಲಕ್ಕಿ, ಕಾಕಾ ಅಂದದ್ದು. ಅವನು ನನ್ನ ಕೈಯಿಂದ ಡಬ್ಬಿ ತೆಗೆದು ಸಿಂಕಿನಲ್ಲಿಟ್ಟ. ಆಮೇಲೆ, ಆವತ್ತು ನಾನೂ ನಿನ್ನ ಮುಖ ನೋಡಿ ಸುಮ್ಮನಾದೆ, ಅಂದ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಸಿಬಿಲ್ ಫೋನು. ಮೀನಿನ ಮಾರ್ಕೆಟ್ಟಿನಲ್ಲಿ ಅಕ್ಕ ಸಿಕ್ಕಿದ್ದಳಂತೆ. ಪ್ರವಾಸ ಹೇಗಾಯ್ತು, ಇಕ್ಕಟ್ಟಾಯ್ತಾ ಅಂತ ಕೇಳಿದಳಂತೆ. ಸಿಬಿಲ್‌ಗೆ ನಾನು ಸೀಟಿನ ಬಗ್ಗೆ ಹೇಳಿದ ಸುಳ್ಳು ಗೊತ್ತಿಲ್ಲ. ಎಲ್ಲಿಯ ಇಕ್ಕಟ್ಟು, ಮೂರು ಸೀಟು ಖಾಲಿ ಇತ್ತು, ಹೋಗುವಾಗ ಮಲಗಿಕೊಂಡೇ ಹೋದೆ ಅಂದಳಂತೆ.

"ಅಕ್ಕ ಏನಂದ್ರು?"

"ಏನೂ ಇಲ್ಲ. ಬಾಂಗಡೆ ತಗೊಂಡು ಹೋದ್ರು. ಯಾಕೆ?"

ಫೆಬ್ರವರಿ ೬, ಶುಕ್ರವಾರ, ದೀಪಕ್ಕೆ ಮೊದಲು

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಖಾಲಿ ಡಬ್ಬಿ ವಾಪಸು ಕೊಡಬಾರದು ಅಂತ ಸಕ್ಕರೆ ತುಂಬಿಕೊಂಡು ಹೋಗಿದ್ದೆ.

ಅಕ್ಕ ನೆಲದ ಮೇಲಲ್ಲ, ಕುರ್ಚಿಯಲ್ಲಿ ಕೂತು, ಮಡಿಲ ಮೇಲಿನ ತಟ್ಟೆಯಲ್ಲಿ ಅವಲಕ್ಕಿ ಹರಡಿಕೊಂಡು ಆರಿಸುತ್ತಿದ್ದಳು. ಹೊಸ ಅವಲಕ್ಕಿ. ಕೂತ್ಕೋ ಅನ್ನಲಿಲ್ಲ. ಡಬ್ಬಿ ತೆರೆದು ನೋಡಿದಳು.

"ನಂಗೆ ಶುಗರ್ ಇರೋದೂ ಮರ್ತುಹೋಯ್ತಾ?"

ನನಗೆ ಅಳು ಬಂತು. ಅಳಬಾರದು ಅಂತ ನಿಂತೇ ಇದ್ದೆ.

"ಸೀಟು ಖಾಲಿ ಇತ್ತಂತೆ," ಅಂದಳು.

"ಹೌದು ಅಕ್ಕ."

"ಎಷ್ಟು? ಸಿಬಿಲ್ ಮೂರು ಅಂದ್ಲು."

"ನಾಲ್ಕು."

"ನಾಲ್ಕು." ತಟ್ಟೆಯಿಂದ ಒಂದು ಕಲ್ಲು ಎತ್ತಿ ಕಿಟಕಿಯಿಂದ ಎಸೆದಳು. "ಅವಲಕ್ಕಿ ಬಂಡೆ ಮುಟ್ತಾ?"

ಇಲ್ಲ ಅಂದೆ. ರೇವದಂಡಾ ದಡದಲ್ಲಿ ನಡೆದದ್ದನ್ನು ಹೇಳಿದೆ. ಅಂಗಡಿಯದು ಅಂದದ್ದನ್ನೂ, ನಾನೂ ತಿಂದದ್ದನ್ನೂ ಬಿಡದೆ ಹೇಳಿದೆ. ಮಲೀದಾ ಹುಳಿಯಾದದ್ದನ್ನು ಹೇಳಿದೆ. ಕಾಕಾನ ಮಾತು ಹೇಳಿದೆ. ಅವಳ ಬೆರಳು ಅವಲಕ್ಕಿಯಲ್ಲಿ ಆಡುತ್ತಲೇ ಇತ್ತು.

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಇರುತ್ತೆ. ಆರಿಸೋಕೆ ಎರಡು ದಿನ ತಗೊಂಡಿದ್ದೆ." ಆಮೇಲೆ ನನ್ನ ಮುಖ ನೋಡಿದಳು, ಮೊದಲ ಸಲ. "'ನೀನು ಬಂದ್ರೆ ತೊಂದ್ರೆ ಕಣಕ್ಕ, ಬರಬೇಡ' ಅಂದಿದ್ರೆ ನಾನು ಬೈತಿದ್ದೆ. ನೀನು ಬೈಸ್ಕೋತಿದ್ದೆ. ಮುಗೀತಿತ್ತು. ನನ್ನ ಕೈಲಿ ಡಬ್ಬಿ ಹೊರಿಸಿ ಮೆಟ್ಟಿಲು ಹತ್ತಿಸಿದ್ಯಲ್ಲ ಮಿಲ್ಕಾ. ಅವತ್ತು ಮಂಡಿ ನೋವಿಗೆ ನಿದ್ದೆ ಬರಲಿಲ್ಲ ನಂಗೆ. ಆದ್ರೂ ಖುಷೀಲಿದ್ದೆ."



ಭಾನುವಾರಕ್ಕೆ ಟ್ಯಾಕ್ಸಿ ಹೇಳಿದ್ದೇನೆ, ಕಾಕಾನಿಗೆ ಫೋನು ಮಾಡಿದ್ದೇನೆ, ಬೇಕಾದಲ್ಲೆಲ್ಲ ನಿಲ್ಲಿಸುತ್ತಾ ಹೋಗೋಣ ಅಂದೆ. ಬರ್ತೀನಿ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಕೂತು ಆರಿಸಿದೆ. ಹೊರಡುವಾಗ ಸಕ್ಕರೆ ನನ್ನ ಚೀಲಕ್ಕೇ ಸುರಿದು, ಡಬ್ಬಿ ಒರೆಸಿ, ಅವಲಕ್ಕಿ ತುಂಬಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡಳು. ಈ ಸಲ ನನ್ನ ಕೈಗೆ ಕೊಡಲಿಲ್ಲ.

ಬಾಗಿಲ ತನಕ ಬಂದು, "ಟ್ಯಾಕ್ಸೀಲಿ ಸೀಟು ಇದೆ ತಾನೆ? ಆಮೇಲೆ ತುಂಬಿಹೋಯ್ತು ಅನ್ಬೇಡ," ಅಂದಳು. ನಗಲಿಲ್ಲ.

ಸ್ಯಾಮ್ಸನ್ ಕಿಟಕಿಯಿಂದ ಹೊತ್ತು ನೋಡುತ್ತಿದ್ದಾನೆ. ಎಣ್ಣೆ ಹಾಕಿಯಾಗಿದೆ, ಬತ್ತಿ ಹೊಸೆಯಬೇಕು. ಭಾನುವಾರ ಬೆಳಿಗ್ಗೆ ಐದೂವರೆಗೆ ಟ್ಯಾಕ್ಸಿ ಬರುತ್ತದೆ. ಮೊದಲು ಅಕ್ಕನ ಮನೆ. ಕೆಳಗೆ ನಿಂತು ಹಾರ್ನ್ ಹೊಡೆಸುವುದಿಲ್ಲ, ನಾನೇ ಮೇಲೆ ಹೋಗಿ ಬಾಗಿಲು ತಟ್ಟುತ್ತೇನೆ. ಅವಳು ತೆಗೆದರೆ... ಹೊತ್ತಾಯಿತು ಅಂತ ಸ್ಯಾಮ್ಸನ್ ಕರೆಯುತ್ತಿದ್ದಾನೆ, ಪೆನ್ನು ಇಡುತ್ತೇನೆ.